ಯಾರೂ ಟೈಪ್ ಮಾಡದ ಪಾಸ್‌ವರ್ಡ್ ತಪ್ಪಾದದ್ದು ಹೇಗೆ: ಮನೆ ಕಂಪ್ಯೂಟರಿನ ಲಾಗಿನ್ ಪರದೆಯ ಒಂದು ಪ್ರಕರಣ

ಪ್ರಕರಣದ ಕಂಪ್ಯೂಟರ್ ಮನೆಯಲ್ಲಿ ಒಂದೇ ಕಡೆ ಇರುವ ಡೆಸ್ಕ್‌ಟಾಪ್. ಮೊದಲು ವಿಂಡೋಸ್ 10 ಇತ್ತು, ಆಮೇಲೆ ವಿಂಡೋಸ್ 11ಕ್ಕೆ ಏರಿಸಲಾಗಿದೆ. ಬಳಕೆಯಲ್ಲಿರುವುದು ಒಂದೇ ಖಾತೆ, ಅದೂ ಲೋಕಲ್ ಖಾತೆ, ಅಂದರೆ ಈ ಯಂತ್ರದಲ್ಲಷ್ಟೇ ಇರುವಂಥದು. ಅದಕ್ಕೆ ಪಾಸ್‌ವರ್ಡ್ ಇದೆ, ಜೊತೆಗೆ ಪಿನ್ ಕೂಡ ಇದೆ. ಆದರೂ ಯಂತ್ರ ಚಾಲೂ ಆದಾಗ ಏನನ್ನೂ ಕೇಳದೆ ನೇರವಾಗಿ ಡೆಸ್ಕ್‌ಟಾಪಿಗೆ ಹೋಗುವಂತೆ ವಿಂಡೋಸ್ 10ರ ಕಾಲದಲ್ಲೇ ಹೊಂದಿಸಲಾಗಿತ್ತು, ಅದು ತಕರಾರಿಲ್ಲದೆ ನಡೆದುಕೊಂಡೂ ಬಂದಿತ್ತು.

ಒಂದು ದಿನ ಅಪ್‌ಡೇಟ್ ಮುಗಿದು ಕಂಪ್ಯೂಟರ್ ರೀಸ್ಟಾರ್ಟ್ ಆಯಿತು. ಡೆಸ್ಕ್‌ಟಾಪ್ ಬರಲಿಲ್ಲ. ಬದಲಿಗೆ ‘ಯೂಸರ್ ನೇಮ್ ಅಥವಾ ಪಾಸ್‌ವರ್ಡ್ ಸರಿಯಿಲ್ಲ, ಮತ್ತೆ ಪ್ರಯತ್ನಿಸಿ’ ಎಂಬ ಅರ್ಥದ ಇಂಗ್ಲಿಷ್ ಸಂದೇಶ, ಅದರ ಕೆಳಗೆ ಓಕೆ ಬಟನ್. ಓಕೆ ಒತ್ತಿದರೆ ಪರದೆಯ ಎಡಗಡೆ ಕೆಳಮೂಲೆಯಲ್ಲಿ ಒಂದೇ ಹೆಸರು ಎರಡು ಸಲ ಕಾಣುತ್ತದೆ. ಒಂದನ್ನು ಆರಿಸಿ ಪಿನ್ ಹೊಡೆದರೆ ಒಳಗೆ ಬಿಡುತ್ತದೆ. ಅಲ್ಲಿಂದ ಮುಂದೆ ಕೆಲವು ಸಲ ಈ ಪರದೆ ಬರುತ್ತದೆ, ಕೆಲವು ಸಲ ಬರುವುದಿಲ್ಲ. ಮನೆಯವರನ್ನು ಗೊಂದಲಕ್ಕೆ ಹಾಕಿದ್ದು ಈ ‘ಕೆಲವು ಸಲ’ವೇ.

ಅಪ್‌ಡೇಟ್ ಆದ ಮೇಲೆ ಶುರುವಾದದ್ದರಿಂದ ಎಲ್ಲರೂ ಅಪ್‌ಡೇಟ್ ಮೇಲೆ ಗೂಬೆ ಕೂರಿಸಿದರು. ಅದನ್ನು ಅನ್‌ಇನ್‌ಸ್ಟಾಲ್ ಮಾಡಿಯೂ ನೋಡಿದರು, ಏನೂ ಬದಲಾಗಲಿಲ್ಲ. ಪಿನ್ ತೆಗೆದುಹಾಕಿದರು, ಆಗಲೂ ಪರದೆ ಬಂತು. ವಿಂಡೋಸನ್ನೇ ರೀಸೆಟ್ ಮಾಡಿಬಿಡುವ ಮಾತೂ ಬಂದಿತ್ತು. ರೀಸೆಟ್ ಮಾಡಿದ್ದರೆ ತೊಂದರೆ ನಿಜಕ್ಕೂ ಹೋಗುತ್ತಿತ್ತು. ಅದರ ಜೊತೆಗೆ ಹಾಕಿಕೊಂಡಿದ್ದ ತಂತ್ರಾಂಶಗಳೆಲ್ಲ ಹೋಗುತ್ತಿದ್ದವು, ಕಾರಣವೂ ಗೊತ್ತಾಗದೆ ಉಳಿಯುತ್ತಿತ್ತು.

ಕೇಳುತ್ತಿರುವುದು ಯಾರು?

ಕಂಪ್ಯೂಟರ್ ಚಾಲೂ ಆಗುವಾಗ ಪಾಸ್‌ವರ್ಡ್ ಕೇಳುವ ಜಾಗಗಳು ನಾಲ್ಕೈದಿವೆ, ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ವಿಂಡೋಸ್ ಚಿಹ್ನೆ ಕಾಣುವ ಮೊದಲೇ, ತಯಾರಕರ ಲೋಗೋ ಹಂತದಲ್ಲಿ ಕೇಳಿದರೆ ಅದು ಬಯೋಸ್ (ವಿಂಡೋಸಿಗೂ ಮೊದಲು ಓಡುವ ಯಂತ್ರದ ಮೂಲ ತಂತ್ರಾಂಶ) ಪಾಸ್‌ವರ್ಡ್. ನೀಲಿ ಪರದೆಯ ಮೇಲೆ 48 ಅಂಕಿಗಳ ಕೀ ಕೇಳಿದರೆ ಅದು ಡಿಸ್ಕಿಗೆ ಗೂಢಲಿಪಿಯ ಬೀಗ ಹಾಕುವ ಬಿಟ್‌ಲಾಕರ್‌ನ ರಿಕವರಿ. ಡೆಸ್ಕ್‌ಟಾಪ್ ಬಂದ ಮೇಲೆ ಸಣ್ಣ ಕಿಟಕಿಯಲ್ಲಿ ಕೇಳಿದರೆ ಅದು ನೆಟ್‌ವರ್ಕ್ ಡ್ರೈವ್, ಮೇಲ್ ತಂತ್ರಾಂಶ ಅಥವಾ ಇಂಥದೇ ಬೇರೆ ಯಾವುದೋ ಸೇವೆಯದು. ಈ ಮೂರಕ್ಕೂ ಇಲ್ಲಿ ಹೇಳುವ ಪರಿಹಾರ ಸಲ್ಲುವುದಿಲ್ಲ. ಪ್ರಕರಣದಲ್ಲಿ ಬಂದದ್ದು ವಿಂಡೋಸಿನದೇ ಸೈನ್-ಇನ್ ಪರದೆ.

ಆ ಪರದೆಯಲ್ಲೂ ಎರಡು ಬಗೆ ಉಂಟು. ಒಂದು, ಕಂಪ್ಯೂಟರ್ ನಿದ್ದೆಯಿಂದ ಎದ್ದಾಗ ಬರುವ ಬೀಗ. ಇನ್ನೊಂದು, ಹೊಸದಾಗಿ ಚಾಲೂ ಆದಾಗ ಬರುವ ಲಾಗಿನ್. ನೋಡಲು ಎರಡೂ ಒಂದೇ ತರಹ ಇದ್ದರೂ ಅವುಗಳ ಸೆಟ್ಟಿಂಗ್ ಬೇರೆ ಬೇರೆ ಜಾಗದಲ್ಲಿದೆ. ಯಾವುದೆಂದು ತಿಳಿಯಲು ಸ್ಲೀಪ್ ಮಾಡಿ ಎಬ್ಬಿಸುವುದು, ಶಟ್‌ಡೌನ್ ಮಾಡಿ ಪವರ್ ಒತ್ತುವುದು, ರೀಸ್ಟಾರ್ಟ್ ಮಾಡುವುದು ಎಂಬ ಮೂರು ಪರೀಕ್ಷೆಗಳನ್ನು ಬಿಡಿಬಿಡಿಯಾಗಿ ಮಾಡಬೇಕು. ಇಲ್ಲಿ ಸ್ಲೀಪ್‌ನಿಂದ ಎದ್ದಾಗ ಏನೂ ಕೇಳಲಿಲ್ಲ, ಉಳಿದ ಎರಡರಲ್ಲೂ ತಪ್ಪದೆ ಕೇಳಿತು.

‘ಕೆಲವು ಸಲ’ದ ಗುಟ್ಟು ಇಷ್ಟೇ. ಕ್ಯಾಬಿನೆಟ್ಟಿನ ಪವರ್ ಬಟನ್ ಒತ್ತಿದರೆ ಸ್ಲೀಪ್ ಆಗುವಂತೆ ಪವರ್ ಆಪ್ಷನ್ಸ್‌ನಲ್ಲಿ ಹೊಂದಿಸಲಾಗಿತ್ತು. ಮನೆಯವರ ಲೆಕ್ಕದಲ್ಲಿ ಅದು ‘ಆಫ್ ಮಾಡುವುದು’. ಬಟನ್ ಒತ್ತಿ ಮಲಗಿಸಿದಾಗ ಬೆಳಿಗ್ಗೆ ಪರದೆ ಇಲ್ಲ, ಮೆನುವಿನಿಂದ ಶಟ್‌ಡೌನ್ ಮಾಡಿದ ದಿನ ಪರದೆ ಹಾಜರ್. ಸ್ಲೀಪ್‌ನಿಂದ ಎದ್ದಾಗ ಕೇಳದಿರಲು ಕಾರಣ ಸೆಟ್ಟಿಂಗ್ಸ್ → ಅಕೌಂಟ್ಸ್ → ಸೈನ್-ಇನ್ ಆಪ್ಷನ್ಸ್ ಒಳಗಿನ ಒಂದು ಆಯ್ಕೆ. ದೂರ ಹೋಗಿ ಬಂದರೆ ಮತ್ತೆ ಸೈನ್-ಇನ್ ಬೇಕೇ ಎಂಬ ಪ್ರಶ್ನೆಗೆ ಅಲ್ಲಿ ‘ನೆವರ್’ ಎಂದಿತ್ತು. ನಿಮ್ಮ ಯಂತ್ರದಲ್ಲಿ ಸ್ಲೀಪ್‌ನಿಂದ ಎದ್ದಾಗ ಮಾತ್ರ ಕೇಳುತ್ತಿದ್ದರೆ ಈ ಆಯ್ಕೆಯನ್ನೂ, ಸ್ಕ್ರೀನ್ ಸೇವರ್ ಕಿಟಕಿಯಲ್ಲಿರುವ ‘ಆನ್ ರೆಸ್ಯೂಮ್, ಡಿಸ್‌ಪ್ಲೇ ಲಾಗಾನ್ ಸ್ಕ್ರೀನ್’ ಎಂಬ ಟಿಕ್ ಗುರುತನ್ನೂ ನೋಡಿಕೊಂಡರೆ ಸಾಕು, ಮುಂದಿನದು ಬೇಕಾಗುವುದಿಲ್ಲ.

ಅಪ್‌ಡೇಟ್ ಆದ ತಕ್ಷಣದ ಮೊದಲ ರೀಸ್ಟಾರ್ಟನ್ನು ಪುರಾವೆಯೆಂದು ಹಿಡಿಯಬಾರದು. ಅಪ್‌ಡೇಟ್ ಪೂರ್ತಿ ಮಾಡಲು ವಿಂಡೋಸ್ ತಾನೇ ಒಳಹೊಕ್ಕು ಕೆಲಸ ಮುಗಿಸಿ ಪರದೆಗೆ ಬೀಗ ಹಾಕುವ ವ್ಯವಸ್ಥೆಯೊಂದಿದೆ. ಆಗ ಒಂದು ಸಲ ಬೀಗದ ಪರದೆ ಬರುವುದು ಸಹಜ. ಎರಡನೆಯ ರೀಸ್ಟಾರ್ಟಿನಲ್ಲೂ ಬಂದರೆ ಮಾತ್ರ ಅದು ಹುಡುಕಬೇಕಾದ ದೋಷ.

ಸಂದೇಶವೇ ಸುಳಿವು

ಇಡೀ ಪ್ರಕರಣದ ಕೀಲಿ ಆ ಸಂದೇಶದಲ್ಲಿದೆ. ಕೀಬೋರ್ಡನ್ನು ಯಾರೂ ಮುಟ್ಟಿಲ್ಲ, ಪಾಸ್‌ವರ್ಡ್ ತಪ್ಪು ಎನ್ನುತ್ತಿದೆ. ಹಾಗಾದರೆ ಪಾಸ್‌ವರ್ಡ್ ಕೊಟ್ಟವರು ಯಾರು? ವಿಂಡೋಸೇ. ಅಂದರೆ ಇಲ್ಲಿ ‘ಲಾಗಿನ್ ಕೇಳುವ ಸೆಟ್ಟಿಂಗ್’ ಆನ್ ಆಗಿಲ್ಲ. ತಾನಾಗಿ ಒಳಹೋಗುವ ವ್ಯವಸ್ಥೆ ಇನ್ನೂ ಜೀವಂತವಾಗಿದೆ, ತನ್ನಲ್ಲಿ ಇಟ್ಟುಕೊಂಡ ಪಾಸ್‌ವರ್ಡನ್ನು ಪ್ರತಿ ಸಲ ಕೊಡುತ್ತಿದೆ, ಪ್ರತಿ ಸಲ ಸೋಲುತ್ತಿದೆ. ಮೂಲೆಯಲ್ಲಿ ಒಂದೇ ಹೆಸರು ಎರಡು ಸಲ ಕಾಣುವುದೂ ಇದೇ ಸೋಲಿನ ಲಕ್ಷಣ. ಎರಡನೆಯ ಖಾತೆ ಹುಟ್ಟಿಕೊಂಡಿದೆ ಎಂದು ಭಾವಿಸಿ ಒಂದನ್ನು ಅಳಿಸಲು ಹೋದರೆ ಇರುವ ಒಂದೇ ಖಾತೆ ಕಡತಗಳ ಸಮೇತ ಹೋದೀತು.

ಊಹೆಯನ್ನು ಖಚಿತಪಡಿಸಿಕೊಳ್ಳಲು ವಿಂಡೋಸ್ ಕೀ ಮತ್ತು ಆರ್ ಒತ್ತಿ, ‘ರೆಜೆಡಿಟ್’ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯನ್ನು ತೋರಿಸುವ ಸಾಧನ) ತೆರೆದು, ಎಚ್‌ಕೀ ಲೋಕಲ್ ಮೆಷೀನ್ → ಸಾಫ್ಟ್‌ವೇರ್ → ಮೈಕ್ರೋಸಾಫ್ಟ್ → ವಿಂಡೋಸ್ ಎನ್‌ಟಿ → ಕರೆಂಟ್‌ವರ್ಷನ್ → ವಿನ್‌ಲಾಗಾನ್ ಎಂಬಲ್ಲಿಗೆ ಹೋಗಬೇಕು. ಇಲ್ಲಿ ‘ಆಟೋಅಡ್ಮಿನ್‌ಲಾಗಾನ್’ ಮೌಲ್ಯ 1 ಇದ್ದರೆ ತಾನಾಗಿ ಒಳಹೋಗುವ ವ್ಯವಸ್ಥೆ ಆನ್ ಇದೆ ಎಂದರ್ಥ. ‘ಡಿಫಾಲ್ಟ್‌ಯೂಸರ್‌ನೇಮ್’ ಯಾವ ಖಾತೆಗೆ ಎಂಬುದನ್ನು ಹೇಳುತ್ತದೆ. ಪ್ರಕರಣದ ಯಂತ್ರದಲ್ಲಿ ಮೊದಲನೆಯದು 1 ಇತ್ತು, ಎರಡನೆಯದರಲ್ಲಿ ಸರಿಯಾದ ಹೆಸರೇ ಇತ್ತು. ‘ಡಿಫಾಲ್ಟ್‌ಪಾಸ್‌ವರ್ಡ್’ ಎಂಬುದು ಇರಲಿಲ್ಲ. ಅದು ಇಲ್ಲದಿರುವುದು ದೋಷವೇನಲ್ಲ. ವಿಂಡೋಸಿನ ಯೂಸರ್ ಅಕೌಂಟ್ಸ್ ಕಿಟಕಿಯ ಮೂಲಕ ಹೊಂದಿಸಿದರೆ ಪಾಸ್‌ವರ್ಡ್ ಇಲ್ಲಿ ಬರಿಗಣ್ಣಿಗೆ ಕಾಣುವಂತೆ ಕೂರುವುದಿಲ್ಲ, ಎಲ್‌ಎಸ್‌ಎ ಸೀಕ್ರೆಟ್ ಎಂಬ ಬೇರೆ ಭಂಡಾರದಲ್ಲಿ ಗೂಢಲಿಪಿಯಾಗಿ ಉಳಿಯುತ್ತದೆ.

ಹೆಸರು ಸರಿ, ಪಾಸ್‌ವರ್ಡ್ ತಪ್ಪು ಎಂಬುದನ್ನು ವಿಂಡೋಸಿನ ಘಟನೆಗಳ ದಾಖಲೆ ತೋರಿಸುವ ಇವೆಂಟ್ ವ್ಯೂವರ್‌ನಿಂದಲೂ ತಿಳಿಯಬಹುದು. ವಿಂಡೋಸ್ ಲಾಗ್ಸ್ → ಸೆಕ್ಯೂರಿಟಿಯಲ್ಲಿ 4625 ಸಂಖ್ಯೆಯ ಘಟನೆ ಎಂದರೆ ವಿಫಲ ಲಾಗಿನ್. ಅದರೊಳಗಿನ ಸಬ್ ಸ್ಟೇಟಸ್ ಸಂಕೇತದ ಕೊನೆಯಲ್ಲಿ 6ಎ ಇದ್ದರೆ ಹೆಸರು ಸರಿ, ಪಾಸ್‌ವರ್ಡ್ ತಪ್ಪು. 64 ಇದ್ದರೆ ಆ ಹೆಸರಿನ ಖಾತೆಯೇ ಇಲ್ಲ. ಈ ದಾಖಲೆ ಎಲ್ಲ ಮನೆ ಕಂಪ್ಯೂಟರುಗಳಲ್ಲೂ ಸಿಗುತ್ತದೆಂದು ನಂಬಬೇಡಿ, ವಿಫಲ ಪ್ರಯತ್ನಗಳನ್ನು ಬರೆದಿಡುವ ಆಡಿಟ್ ಆನ್ ಇದ್ದರಷ್ಟೇ ಸಿಗುತ್ತದೆ. 64 ಸಿಕ್ಕರೆ ಖಾತೆಯ ಹೆಸರನ್ನು ಬದಲಿಸಿದ್ದಾರೆಯೇ ಎಂದು ವಿಚಾರಿಸಬೇಕು. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಹೆಸರು ಬದಲಿಸಿದರೆ ಪರದೆಯ ಮೇಲೆ ಕಾಣುವ ಹೆಸರು ಮಾತ್ರ ಬದಲಾಗುತ್ತದೆ, ಒಳಗಿನ ಖಾತೆಯ ಹೆಸರು ಹಳೆಯದೇ. ಲಾಗಿನ್‌ಗೆ ಬೇಕಾದದ್ದು ಒಳಗಿನ ಹೆಸರು.

ದಿನಾಂಕಗಳನ್ನು ಜೋಡಿಸಿದಾಗ

ಪಾಸ್‌ವರ್ಡ್ ಯಾವಾಗ ಬದಲಾಯಿತು? ಇದಕ್ಕೆ ಯಾರ ನೆನಪನ್ನೂ ನೆಚ್ಚಿಕೊಳ್ಳಬೇಕಿಲ್ಲ. ಕಮಾಂಡ್ ಪ್ರಾಂಪ್ಟ್ ತೆರೆದು ‘ನೆಟ್ ಯೂಸರ್’ ಎಂದು ಹೊಡೆದು, ಒಂದು ಸ್ಪೇಸ್ ಬಿಟ್ಟು ಖಾತೆಯ ಹೆಸರು ಕೊಟ್ಟರೆ ಬರುವ ಪಟ್ಟಿಯಲ್ಲಿ ‘ಪಾಸ್‌ವರ್ಡ್ ಲಾಸ್ಟ್ ಸೆಟ್’ ಎಂಬ ಸಾಲಿರುತ್ತದೆ, ಮುಂದೆ ದಿನಾಂಕ ಮತ್ತು ಸಮಯ. ಈ ಯಂತ್ರದಲ್ಲಿ ಅದು ಅಪ್‌ಡೇಟಿಗಿಂತ ಕೆಲವು ವಾರ ಹಿಂದಿನ ದಿನಾಂಕ.

ಆ ದಿನ ಮನೆಯ ಲ್ಯಾಪ್‌ಟಾಪಿನಿಂದ ನೆಟ್‌ವರ್ಕ್ ಮೂಲಕ ಈ ಡೆಸ್ಕ್‌ಟಾಪ್ ಕಂಪ್ಯೂಟರಿನ ಫೋಲ್ಡರ್ ತೆರೆಯಲು ಹೋದಾಗ ಪಾಸ್‌ವರ್ಡ್ ಕೇಳಿದೆ. ಹಳೆಯದು ಉದ್ದವಾಗಿತ್ತು, ಮತ್ತೆ ಮತ್ತೆ ಹೊಡೆಯಲು ಬೇಸರವಾಗಿ ಕಂಟ್ರೋಲ್, ಆಲ್ಟ್, ಡಿಲೀಟ್ ಒತ್ತಿ ಚಿಕ್ಕದೊಂದಕ್ಕೆ ಬದಲಿಸಿದ್ದಾರೆ. ಖಾತೆಯ ಪಾಸ್‌ವರ್ಡ್ ಬದಲಾಯಿತು. ಆದರೆ ಎಲ್‌ಎಸ್‌ಎ ಭಂಡಾರದಲ್ಲಿ ತಾನಾಗಿ ಒಳಹೋಗಲೆಂದು ಇಟ್ಟ ಪ್ರತಿ ತನ್ನಿಂದ ತಾನೇ ಬದಲಾಗುವುದಿಲ್ಲ. ಅದನ್ನು ಬದಲಿಸು ಎಂದು ವಿಂಡೋಸ್ ಎಲ್ಲೂ ನೆನಪಿಸುವುದೂ ಇಲ್ಲ, ಇದು ವಿಂಡೋಸಿನ ಹಳೆಯ ಕೊರತೆ. ಪಿನ್ನಿನ ದಾರಿಯೇ ಬೇರೆಯಾದ್ದರಿಂದ ಅದೇ ಯಂತ್ರದಲ್ಲಿ ಕೂತು ಪಾಸ್‌ವರ್ಡ್ ಬದಲಿಸಿದರೂ ಪಿನ್ ಎಂದಿನಂತೆ ಕೆಲಸ ಮಾಡುತ್ತಲೇ ಇತ್ತು.

ಹಾಗಾದರೆ ಮರುದಿನವೇ ಏಕೆ ಗೊತ್ತಾಗಲಿಲ್ಲ? ಮಧ್ಯದ ಅಷ್ಟೂ ದಿನ ಕಂಪ್ಯೂಟರ್ ನಿಜವಾಗಿ ಆಫ್ ಆಗಿರಲೇ ಇಲ್ಲ, ಬರೀ ಮಲಗಿ ಏಳುತ್ತಿತ್ತು. ಇವೆಂಟ್ ವ್ಯೂವರ್‌ನ ಸಿಸ್ಟಮ್ ದಾಖಲೆಯಲ್ಲಿ 6005 ಸಂಖ್ಯೆಯ ಘಟನೆ ವಿಂಡೋಸ್ ಚಾಲೂ ಆದದ್ದನ್ನೂ, 1074 ರೀಸ್ಟಾರ್ಟ್ ಅಥವಾ ಶಟ್‌ಡೌನ್ ಯಾರ ಆದೇಶದಿಂದ ಆಯಿತೆಂಬುದನ್ನೂ ತೋರಿಸುತ್ತವೆ. ಪಾಸ್‌ವರ್ಡ್ ಬದಲಾದ ದಿನ ಮತ್ತು ಅಪ್‌ಡೇಟ್ ಆದ ದಿನದ ನಡುವೆ ಅಲ್ಲಿ ಒಂದು ನಮೂದೂ ಇರಲಿಲ್ಲ. ಪಾಸ್‌ವರ್ಡ್ ಬದಲಾದ ನಂತರದ ಮೊದಲ ನಿಜವಾದ ರೀಸ್ಟಾರ್ಟನ್ನು ಮಾಡಿಸಿದ್ದು ಅಪ್‌ಡೇಟ್. ಅದು ಮಾಡಿದ ತಪ್ಪು ಅಷ್ಟೇ.

ಸರಿಪಡಿಸಿದ ಕ್ರಮ

ಮೊದಲಿಗೆ ಈಗಿನ ಪಾಸ್‌ವರ್ಡ್ ಯಾವುದೆಂದು ಖಾತ್ರಿ ಮಾಡಿಕೊಳ್ಳಬೇಕು. ಸೈನ್-ಇನ್ ಪರದೆಯಲ್ಲಿ ಪಿನ್ ಬದಲು ಪಾಸ್‌ವರ್ಡ್ ಆಯ್ಕೆ ಮಾಡಿ ಒಂದು ಸಲ ಅದರಲ್ಲೇ ಒಳಗೆ ಹೋಗಿ. ಈ ಹೆಜ್ಜೆ ಬಿಟ್ಟವರೇ ಮುಂದೆ ಸಿಕ್ಕಿಹಾಕಿಕೊಳ್ಳುವುದು. ಪಾಸ್‌ವರ್ಡ್ ಮರೆತಿದ್ದರೆ ಅಡ್ಮಿನ್ ಅಧಿಕಾರದಿಂದ ‘ನೆಟ್ ಯೂಸರ್’ ಆದೇಶ ಬಳಸಿ ಹೊಸದನ್ನು ಹೇರಬಹುದು, ಆದರೆ ಹಾಗೆ ಹೇರಿದಾಗ ಆ ಖಾತೆಯಲ್ಲಿ ಇಎಫ್‌ಎಸ್ ಎಂಬ ವಿಂಡೋಸಿನದೇ ಗೂಢಲಿಪಿ ಹಾಕಿದ ಕಡತಗಳೂ ವಿಂಡೋಸ್ ನೆನಪಿಟ್ಟ ಪಾಸ್‌ವರ್ಡುಗಳೂ ಕೈತಪ್ಪುತ್ತವೆ. ಹಳೆಯದು ಗೊತ್ತಿದ್ದು ಬದಲಿಸುವುದಕ್ಕೂ ಮೇಲಿನಿಂದ ಹೇರುವುದಕ್ಕೂ ಇರುವ ವ್ಯತ್ಯಾಸ ಇದು.

ಆಮೇಲೆ ವಿಂಡೋಸ್ ಕೀ ಮತ್ತು ಆರ್ ಒತ್ತಿ ‘ನೆಟ್‌ಪಿಎಲ್‌ವಿಜ್’ ಕೊಡಬೇಕು. ಟೈಪ್ ಮಾಡಬೇಕಾದ ಅಕ್ಷರಗಳು ಎನ್, ಇ, ಟಿ, ಪಿ, ಎಲ್, ಡಬ್ಲ್ಯು, ಐ, ಝಡ್, ನಡುವೆ ಜಾಗವಿಲ್ಲ. ತೆರೆಯುವ ಯೂಸರ್ ಅಕೌಂಟ್ಸ್ ಕಿಟಕಿಯ ಮೇಲ್ಭಾಗದಲ್ಲಿ, ಈ ಕಂಪ್ಯೂಟರ್ ಬಳಸಲು ಹೆಸರು ಮತ್ತು ಪಾಸ್‌ವರ್ಡ್ ಕೊಡಲೇಬೇಕು ಎಂಬ ಅರ್ಥದ ಸಾಲಿನ ಎದುರು ಒಂದು ಚೌಕವಿರಬೇಕು.

ಈ ಯಂತ್ರದಲ್ಲಿ ಚೌಕವೇ ಇರಲಿಲ್ಲ. ಇದು ಕೆಟ್ಟುಹೋದದ್ದಲ್ಲ. ವಿಂಡೋಸ್ 10ರ 2004 ಆವೃತ್ತಿಯಿಂದ ಈಚೆಗೆ, ಪಾಸ್‌ವರ್ಡ್ ಬದಲು ವಿಂಡೋಸ್ ಹಲೋ (ಪಿನ್, ಮುಖ, ಬೆರಳಚ್ಚು) ಮಾತ್ರ ಬಳಸು ಎಂಬ ಆಯ್ಕೆ ಆನ್ ಇದ್ದರೆ ಚೌಕ ಮರೆಯಾಗುತ್ತದೆ. ಮೈಕ್ರೋಸಾಫ್ಟ್ ಖಾತೆ ಇರುವವರಿಗೆ ಸೈನ್-ಇನ್ ಆಪ್ಷನ್ಸ್ ಪುಟದಲ್ಲೇ ಅದರ ಸ್ವಿಚ್ ಸಿಗುತ್ತದೆ. ಲೋಕಲ್ ಖಾತೆಯಲ್ಲಿ ಆ ಸ್ವಿಚ್ ಕಾಣದಿದ್ದರೆ ರಿಜಿಸ್ಟ್ರಿಯೇ ದಾರಿ. ಮೇಲೆ ಹೇಳಿದ ಕರೆಂಟ್‌ವರ್ಷನ್ ಒಳಗೆ ಪಾಸ್‌ವರ್ಡ್‌ಲೆಸ್ → ಡಿವೈಸ್ ಎಂಬಲ್ಲಿ ‘ಡಿವೈಸ್‌ಪಾಸ್‌ವರ್ಡ್‌ಲೆಸ್‌ಬಿಲ್ಡ್‌ವರ್ಷನ್’ ಮೌಲ್ಯ 2 ಇರುತ್ತದೆ, ಅದನ್ನು 0 ಮಾಡಬೇಕು. ಬದಲಿಸುವ ಮೊದಲು ಆ ಕೀ ಮೇಲೆ ಬಲ ಕ್ಲಿಕ್ ಮಾಡಿ ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳುವುದು ಲೇಸು. ಯೂಸರ್ ಅಕೌಂಟ್ಸ್ ಕಿಟಕಿಯನ್ನು ಮುಚ್ಚಿ ತೆರೆದರೆ ಚೌಕ ಹಾಜರ್.

ಚೌಕ ಬಂದಾಗ ಅದರಲ್ಲಿ ಟಿಕ್ ಇರಲಿಲ್ಲ. ತಾನಾಗಿ ಒಳಹೋಗುವುದು ಆನ್ ಇದೆ ಎಂಬ ನಮ್ಮ ಊಹೆಗೆ ಇದೂ ಹೊಂದುತ್ತದೆ. ಬಹಳ ಮಂದಿ ಇಲ್ಲಿಗೆ ಬಂದು, ‘ಟಿಕ್ ತೆಗೆದೇ ಇದೆಯಲ್ಲ’ ಎಂದು ವಾಪಸ್ ಹೋಗುತ್ತಾರೆ. ಟಿಕ್ ಹಾಕಿ ತೆಗೆದರೆ ಮಾತ್ರ ಪಾಸ್‌ವರ್ಡ್ ಕೇಳುವ ಪೆಟ್ಟಿಗೆ ತೆರೆಯುತ್ತದೆ, ಆ ಪೆಟ್ಟಿಗೆ ತೆರೆಯದೆ ಭಂಡಾರದ ಹಳೆಯ ಪ್ರತಿ ಹೋಗುವುದಿಲ್ಲ. ಆದ್ದರಿಂದ ಮೊದಲು ಟಿಕ್ ಹಾಕಿ ಅಪ್ಲೈ ಒತ್ತಿ ರೀಸ್ಟಾರ್ಟ್ ಮಾಡಲಾಯಿತು. ಈ ಸಲ ಸಾಮಾನ್ಯ ಲಾಗಿನ್ ಪರದೆ ಬಂತು, ದೋಷದ ಸಂದೇಶ ಇಲ್ಲ, ಹೆಸರೂ ಒಂದೇ. ರೋಗ ಸರಿಯಾಗಿ ಹಿಡಿದಿದ್ದೇವೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಒಳಗೆ ಹೋಗಿ ಮತ್ತೆ ಅದೇ ಕಿಟಕಿ ತೆರೆದು, ಪಟ್ಟಿಯಲ್ಲಿ ಖಾತೆಯನ್ನು ಆರಿಸಿ, ಟಿಕ್ ತೆಗೆದು ಅಪ್ಲೈ ಒತ್ತಿದಾಗ ಹೆಸರು, ಪಾಸ್‌ವರ್ಡ್, ಮತ್ತೊಮ್ಮೆ ಪಾಸ್‌ವರ್ಡ್ ಕೇಳುವ ಪೆಟ್ಟಿಗೆ ಬಂತು.

ಈ ಪೆಟ್ಟಿಗೆಯಲ್ಲಿ ಎರಡು ಹೊಂಡಗಳಿವೆ. ಇಲ್ಲಿ ಬೇಕಾದದ್ದು ಪಾಸ್‌ವರ್ಡ್, ಪಿನ್ ಅಲ್ಲ. ದಿನಾ ಪಿನ್ ಹೊಡೆದು ಅಭ್ಯಾಸವಾದವರು ಅದನ್ನೇ ತುಂಬಿಬಿಡುತ್ತಾರೆ. ಎರಡನೆಯದು, ಕೊಟ್ಟ ಪಾಸ್‌ವರ್ಡ್ ಖಾತೆಯದೇ ಹೌದೇ ಎಂದು ಇದು ಪರೀಕ್ಷಿಸುವುದೇ ಇಲ್ಲ. ಎರಡು ಸಾಲಿನಲ್ಲಿ ಬರೆದದ್ದು ಪರಸ್ಪರ ತಾಳೆಯಾದರೆ ಸಾಕು, ಸ್ವೀಕರಿಸಿ ಮುಚ್ಚಿಕೊಳ್ಳುತ್ತದೆ. ತಪ್ಪು ಗೊತ್ತಾಗುವುದು ಮುಂದಿನ ರೀಸ್ಟಾರ್ಟಿನಲ್ಲಿ, ಅದೇ ಹಳೆಯ ಸಂದೇಶದೊಂದಿಗೆ. ಕ್ಯಾಪ್ಸ್ ಲಾಕ್ ನೋಡಿಕೊಂಡು ನಿಧಾನವಾಗಿ ತುಂಬಿ.

ರೀಸ್ಟಾರ್ಟ್ ಮಾಡಿದಾಗ ನೇರ ಡೆಸ್ಕ್‌ಟಾಪ್ ಬಂತು. ಶಟ್‌ಡೌನ್ ಮಾಡಿ ಎಬ್ಬಿಸಿದಾಗಲೂ ಬಂತು. ಮುಂದೆ ಯಾವತ್ತಾದರೂ ಬೇರೆ ಖಾತೆಗೆ ಹೋಗಬೇಕಾದರೆ ಚಾಲೂ ಆಗುವಾಗ ಶಿಫ್ಟ್ ಕೀ ಒತ್ತಿ ಹಿಡಿದರೆ ಈ ತಾನಾಗಿ ಹೋಗುವ ದಾರಿ ಆ ಒಂದು ಸಲಕ್ಕೆ ತಪ್ಪುತ್ತದೆ.

ಇದೇ ಲಕ್ಷಣ, ಬೇರೆ ಕಾರಣ

ಎಲ್ಲ ಮಾಡಿದರೂ ಒಂದೆರಡು ದಿನದಲ್ಲಿ ಆಟೋಅಡ್ಮಿನ್‌ಲಾಗಾನ್ ಮತ್ತೆ 0 ಆಗಿರುವ ಯಂತ್ರಗಳುಂಟು. ರಿಜಿಸ್ಟ್ರಿಯಲ್ಲಿ 1 ಎಂದು ಕೈಯಾರೆ ಬರೆದು ಪಾಸ್‌ವರ್ಡನ್ನು ಎಲ್ಲೂ ಕೊಡದಿದ್ದರೆ ವಿಂಡೋಸ್ ತಾನೇ ಅದನ್ನು 0 ಮಾಡುತ್ತದೆ. ಅಲ್ಲೇ ‘ಆಟೋಲಾಗಾನ್‌ಕೌಂಟ್’ ಎಂಬ ಮೌಲ್ಯ ಇದ್ದರೆ ಪ್ರತಿ ಚಾಲೂವಿಗೂ ಒಂದು ಕಡಿಮೆಯಾಗುತ್ತಾ ಸೊನ್ನೆ ತಲುಪಿದಾಗ ವ್ಯವಸ್ಥೆ ನಿಲ್ಲುತ್ತದೆ, ಅದನ್ನು ಅಳಿಸಬೇಕು. ಕಚೇರಿಯ ಮೇಲ್ ಖಾತೆ ಸೇರಿಸಿದ ಮೇಲೆ ಶುರುವಾಗಿದ್ದರೆ, ಆ ಖಾತೆಯ ಜೊತೆ ಕಚೇರಿಯ ಮೇಲ್ ಸರ್ವರ್ ಹೇರುವ ಎಕ್ಸ್‌ಚೇಂಜ್ ಆಕ್ಟಿವ್‌ಸಿಂಕ್ ಪಾಸ್‌ವರ್ಡ್ ನಿಯಮಗಳು ಬಂದಿರುತ್ತವೆ. ಅವು ಇರುವವರೆಗೆ ತಾನಾಗಿ ಒಳಹೋಗುವ ಹೊಂದಿಕೆಯನ್ನು ವಿಂಡೋಸ್ ಪರಿಗಣಿಸುವುದೇ ಇಲ್ಲ. ಆ ಇಮೇಲನ್ನು ಬ್ರೌಸರಿನಲ್ಲಿ ನೋಡಿಕೊಂಡು ಖಾತೆಯನ್ನು ಕಂಪ್ಯೂಟರಿನಿಂದ ತೆಗೆಯುವುದೊಂದೇ ಉಪಾಯ.

ದೋಷದ ಸಂದೇಶ ಇಲ್ಲದೆ ಸುಮ್ಮನೆ ಖಾತೆಗಳ ಪಟ್ಟಿ ಬಂದು ನಿಂತರೆ ಹೊಸ ಖಾತೆಯೊಂದು ಸೇರಿದೆಯೇ ನೋಡಿ. ಪಾಸ್‌ವರ್ಡ್ ಇಲ್ಲದ ಒಂದೇ ಲೋಕಲ್ ಖಾತೆ ಇದ್ದರೆ ವಿಂಡೋಸ್ ಏನೂ ಕೇಳದೆ ಒಳಗೆ ಬಿಡುತ್ತದೆ. ಎರಡನೆಯದು ಬಂದ ಕೂಡಲೇ ಯಾರು ಎಂದು ಕೇಳಲೇಬೇಕಾಗುತ್ತದೆ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಡಾಟ್‌ನೆಟ್ ಫ್ರೇಮ್‌ವರ್ಕ್ 1.1 ಹಾಕಿದವರಿಗೆ ಇದೇ ಆಗುತ್ತಿತ್ತು, ಅದು ಎಎಸ್‌ಪಿನೆಟ್ ಎಂಬ ಖಾತೆಯನ್ನು ಸದ್ದಿಲ್ಲದೆ ಸೃಷ್ಟಿಸುತ್ತಿತ್ತು. ವಿಂಡೋಸ್ 10ಕ್ಕೆ ಏರಿಸಿದ ಕೆಲವು ಯಂತ್ರಗಳಲ್ಲಿ ‘ಡಿಫಾಲ್ಟ್‌ಯೂಸರ್0’ ಎಂಬ ಅರೆಬರೆ ಖಾತೆ ಉಳಿದುಕೊಂಡು ಇಂಥದೇ ಕಾಟ ಕೊಟ್ಟಿತು, ಅದನ್ನು ಅಳಿಸಿದರೆ ತೊಂದರೆಯಿಲ್ಲ. ಹೆಸರು ಕೊಡದೆ ಬರೀ ‘ನೆಟ್ ಯೂಸರ್’ ಎಂದರೆ ಎಲ್ಲ ಖಾತೆಗಳ ಪಟ್ಟಿ ಬರುತ್ತದೆ. ಅದರಲ್ಲಿ ಅಡ್ಮಿನಿಸ್ಟ್ರೇಟರ್, ಗೆಸ್ಟ್, ಡಿಫಾಲ್ಟ್‌ಅಕೌಂಟ್, ಡಬ್ಲ್ಯುಡಿಎಜಿ ಯುಟಿಲಿಟಿ ಅಕೌಂಟ್ ಇವು ವಿಂಡೋಸಿನವೇ, ಅವುಗಳ ಗೊಡವೆಗೆ ಹೋಗಬೇಡಿ.

ಪಾಸ್‌ವರ್ಡನ್ನೇ ಖಾಲಿ ಬಿಟ್ಟರೆ ಇಷ್ಟೆಲ್ಲ ರಗಳೆ ಇಲ್ಲವಲ್ಲ ಎನ್ನಬಹುದು. ಈ ಮನೆಗೆ ಅದು ಒಗ್ಗುವುದಿಲ್ಲ: ಖಾಲಿ ಪಾಸ್‌ವರ್ಡಿನ ಲೋಕಲ್ ಖಾತೆ ಕಂಪ್ಯೂಟರಿನ ಮುಂದೆ ಕೂತವರಿಗಷ್ಟೇ ತೆರೆಯುವಂತೆ ವಿಂಡೋಸಿನಲ್ಲಿ ಮೊದಲಿನಿಂದಲೇ ಕಟ್ಟಳೆ ಇದೆ. ನೆಟ್‌ವರ್ಕ್ ಮೂಲಕ ಬರುವ ಲ್ಯಾಪ್‌ಟಾಪಿಗೆ ಫೋಲ್ಡರ್ ಸಿಗದು.

ಮೈಕ್ರೋಸಾಫ್ಟ್ ಖಾತೆಯಲ್ಲಿ ಪಾಸ್‌ವರ್ಡನ್ನೇ ತೆಗೆದುಹಾಕಿದ್ದರೆ, 2021ರಿಂದ ಹಾಗೆ ತೆಗೆಯಲು ಅವಕಾಶವಿದೆ, ಭಂಡಾರದಲ್ಲಿ ಇಡಲು ಏನೂ ಇರುವುದಿಲ್ಲ. ಈ ದಾರಿ ಅಂಥವರಿಗಲ್ಲ. ಪಾಸ್‌ವರ್ಡ್ ಇರುವವರು ಸಿಸ್‌ಇಂಟರ್ನಲ್ಸ್‌ನ ಆಟೋಲಾಗಾನ್ ಎಂಬ ಪುಟ್ಟ ಸಾಧನವನ್ನೂ ಬಳಸಬಹುದು. ಮೈಕ್ರೋಸಾಫ್ಟೇ ಹಂಚುವ ಇದು ಕೂಡ ಪಾಸ್‌ವರ್ಡನ್ನು ಎಲ್‌ಎಸ್‌ಎ ಭಂಡಾರದಲ್ಲೇ ಇಡುತ್ತದೆ. ರಿಜಿಸ್ಟ್ರಿಯಲ್ಲಿ ಡಿಫಾಲ್ಟ್‌ಪಾಸ್‌ವರ್ಡ್ ಎಂದು ಬರೆದಿಡುವ ಸಲಹೆ ಎಲ್ಲೆಡೆ ಸಿಗುತ್ತದೆ, ಅದನ್ನು ಮಾತ್ರ ಪಾಲಿಸಬೇಡಿ. ಅಲ್ಲಿ ಅದು ಯಾರು ಬೇಕಾದರೂ ಓದುವ ಸಾದಾ ಅಕ್ಷರಗಳಲ್ಲಿರುತ್ತದೆ. ಭಂಡಾರದಲ್ಲಿಟ್ಟದ್ದನ್ನೂ ಅಡ್ಮಿನ್ ಅಧಿಕಾರ ಇರುವವರು ಹೊರತೆಗೆಯಬಲ್ಲರು. ಹಾಗಾಗಿ ಬೇರೆಲ್ಲೂ ಬಳಸದ ಪಾಸ್‌ವರ್ಡ್ ಇಲ್ಲಿಗೆ ಮೀಸಲಿಡಿ.

ಲ್ಯಾಪ್‌ಟಾಪಿಗೆ ಈ ಹೊಂದಿಕೆ ಬೇಡವೇ ಬೇಡ. ಡಿಸ್ಕಿಗೆ ಬಿಟ್‌ಲಾಕರ್ ಹಾಕಿದ್ದರೂ ಅದರ ಕೀಲಿ ಕಾಯುವ ಟಿಪಿಎಂ ಚಿಪ್ ತಾನಾಗಿ ಬೀಗ ತೆಗೆಯುವ ಯಂತ್ರದಲ್ಲಿ, ಪವರ್ ಒತ್ತಿದವರೆಲ್ಲ ಡೆಸ್ಕ್‌ಟಾಪಿಗೇ ಬಂದು ನಿಲ್ಲುತ್ತಾರೆ. ಬ್ರೌಸರ್ ನೆನಪಿಟ್ಟ ಪಾಸ್‌ವರ್ಡುಗಳೂ ಅವರ ಕೈಗೆಟಕುತ್ತವೆ. ಮನೆಯೊಳಗೇ ಇರುವ ಡೆಸ್ಕ್‌ಟಾಪಿಗೆ ಇದು ಒಪ್ಪತಕ್ಕ ರಾಜಿ, ಅಷ್ಟೇ.

ಪ್ರಕರಣದಲ್ಲಿ ಉಳಿದದ್ದು ಒಂದು ಕೆಲಸ. ಫೋಲ್ಡರ್ ತೆರೆಯಲು ಬಳಸುವ ಆ ಲ್ಯಾಪ್‌ಟಾಪಿನಲ್ಲಿ, ನೆನಪಿಟ್ಟ ಪಾಸ್‌ವರ್ಡುಗಳನ್ನು ತೋರಿಸುವ ಕ್ರೆಡೆನ್ಷಿಯಲ್ ಮ್ಯಾನೇಜರ್‌ನ ವಿಂಡೋಸ್ ಕ್ರೆಡೆನ್ಷಿಯಲ್ಸ್ ಪಟ್ಟಿಯೊಳಗೆ, ಡೆಸ್ಕ್‌ಟಾಪಿನ ಹೆಸರಿನ ಹಳೆಯ ನಮೂದೊಂದಿತ್ತು. ಅದನ್ನು ತೆಗೆದು, ಫೋಲ್ಡರ್ ಮತ್ತೆ ತೆರೆದು, ಹೊಸ ಪಾಸ್‌ವರ್ಡ್ ಕೊಟ್ಟು, ನೆನಪಿಡು ಎಂಬ ಚೌಕಕ್ಕೆ ಟಿಕ್ ಹಾಕಿದ ಮೇಲೆ ಅಲ್ಲಿಯೂ ಕೇಳುವುದು ನಿಂತಿತು.